ಕಡಲು ಆರಿಸಿಟ್ಟ ಹಸಿರು

ಗಿಳಿಹಸಿರನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಹವಾಯಿಯ ಪಾಪಕೋಲೆಯಾ ಕಡಲತೀರವನ್ನು ಇನ್‌ಸ್ಟಾಗ್ರಾಂನಲ್ಲಿ ಮೊದಲು ನೋಡಿ, ಆಮೇಲೆ ಕಣ್ಣಾರೆ ನೋಡಿದವರಿಗೆ ಮೊದಲ ಕ್ಷಣ ಸಣ್ಣ ನಿರಾಸೆಯಾಗುವುದುಂಟು. ಫೋನಿನಲ್ಲಿ ಬಣ್ಣ ಏರಿಸಿದ ಚಿತ್ರಗಳ ಹಸಿರು ಅಲ್ಲಿಲ್ಲ. ಇರುವುದು ಹೆಸರುಕಾಳನ್ನು ರವೆಯಾಗಿ ಒಡೆದು ಹರಡಿದಂಥ ಬಣ್ಣ. ಹಸಿರೇ ಹೌದು, ಆದರೆ ಅದರೊಳಗೆ ಕಂದು ಇದೆ, ಕಪ್ಪು ಇದೆ, ಅಲ್ಲಲ್ಲಿ ಚಿಪ್ಪು ಹವಳದ ಬಿಳಿ ಚೂರುಗಳಿವೆ. ಮೋಡ ಕವಿದರೆ ಇಡೀ ತೀರ ಮಂಕಾಗುತ್ತದೆ. ಬಿಸಿಲು ಬಂದು, ಅಲೆ ಹಿಂದೆ ಸರಿದು, ಒದ್ದೆ ಮರಳಿನ ಮೇಲೆ ಬೆಳಕು ಬಿದ್ದಾಗಲೇ ಅದರ ಹಸಿರು ಎದ್ದು ಕಾಣುವುದು. ಒಂದಿಷ್ಟು ಮರಳನ್ನು ಅಂಗೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರೆ ಇನ್ನೂ ಸ್ಪಷ್ಟ. ಒಂದೊಂದು ಹಸಿರು ಕಣವೂ ಬೆಳಕನ್ನು ಹಾಯಲು ಬಿಡುವ ಹರಳು.

ಹವಾಯಿ ದ್ವೀಪಸಮೂಹದ ಅತಿ ದೊಡ್ಡ ದ್ವೀಪದ ಹೆಸರೂ ಹವಾಯಿಯೇ. ಗೊಂದಲ ಬೇಡವೆಂದು ಜನ ಅದನ್ನು ಬಿಗ್ ಐಲ್ಯಾಂಡ್ ಎನ್ನುತ್ತಾರೆ. ಉಳಿದ ದ್ವೀಪಗಳನ್ನೆಲ್ಲ ಒಟ್ಟು ಸೇರಿಸಿದರೂ ವಿಸ್ತೀರ್ಣದಲ್ಲಿ ಇದಕ್ಕೆ ಸಮನಾಗುವುದಿಲ್ಲ. ಇದರ ದಕ್ಷಿಣದ ತುದಿ ಕಾ ಲಾಯ್. ಅಮೆರಿಕದ 50 ರಾಜ್ಯಗಳಲ್ಲಿ ಇದಕ್ಕಿಂತ ದಕ್ಷಿಣಕ್ಕೆ ನೆಲವಿಲ್ಲ. ದಕ್ಷಿಣ ಮುಂಬೈಯೂ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿದೆ. ಉಷ್ಣವಲಯದ ದ್ವೀಪ ಎಂದೊಡನೆ ನೆನಪಾಗುವ ತೆಂಗಿನ ತೋಪು, ನೆರಳು, ಶಾಂತ ನೀಲಿ ನೀರು ಯಾವುದೂ ಇಲ್ಲಿಲ್ಲ. ಇಲ್ಲಿರುವುದು ಒಣಹುಲ್ಲಿನ ಬಯಲು, ಮೇಯುವ ದನಗಳು, ಗಾಳಿಯಂತ್ರಗಳು ಮತ್ತು ಗಾಳಿ. ಆ ಗಾಳಿಗೆ ಮರಗಳೆಲ್ಲ ಒಂದೇ ದಿಕ್ಕಿಗೆ ಬಾಗಿ, ಹಾಗೆಯೇ ಬೆಳೆದುಬಿಟ್ಟಿವೆ. ಕಾ ಲಾಯ್‌ನಿಂದ ಪೂರ್ವಕ್ಕೆ ಕರಾವಳಿಯ ಗುಂಟ ಸುಮಾರು 4 ಕಿಲೋಮೀಟರ್ ನಡೆದರೆ ಮಹಾನಾ ಕೊಲ್ಲಿ. ಅದರ ಮಡಿಲಲ್ಲಿ ಈ ಹಸಿರು ಮರಳು.

ಕೊಲ್ಲಿಯ ಹಿಂದೆ ಬೂದಿಬಣ್ಣದ ಪದರು ಪದರಾದ ಗೋಡೆಯೊಂದು ನಿಂತಿದೆ. ಅದು ಒಂದು ಜ್ವಾಲಾಮುಖಿ ದಿಬ್ಬದಲ್ಲಿ ಉಳಿದಿರುವ ಭಾಗ. ಹೆಸರು ಪುವು ಮಹಾನಾ. ಭೂವಿಜ್ಞಾನಿಗಳ ಲೆಕ್ಕದ ಪ್ರಕಾರ ಅದು ಹುಟ್ಟಿದ್ದು 49 ಸಾವಿರ ವರ್ಷಗಳಿಗೂ ಹಿಂದೆ, ಮೌನಾ ಲೋವಾ ಎಂಬ ದೈತ್ಯ ಜ್ವಾಲಾಮುಖಿಯ ನೈಋತ್ಯ ಬಿರುಕಿನ ಸಾಲಿನಲ್ಲಿ. ಬಿಸಿ ಶಿಲಾರಸ ನೀರನ್ನು ಸಂಧಿಸಿ, ಸಿಡಿದು, ಬೂದಿ ಮತ್ತು ಕಿಟ್ಟವಾಗಿ ಸುತ್ತಲೂ ಬಿದ್ದು ಉಂಗುರದಾಕಾರದ ದಿಬ್ಬವಾಯಿತು. ಕಾಲಾಂತರದಲ್ಲಿ ಒಂದು ಬದಿ ಕುಸಿಯಿತು, ಸಮುದ್ರ ಒಳನುಗ್ಗಿತು. ಈಗ ಅಲೆಗಳು ಆ ದಿಬ್ಬವನ್ನು ಒಳಗಿನಿಂದಲೇ ಕೊರೆಯುತ್ತಿವೆ. ಮರಳು ಬರುವುದು ಆ ಕೊರೆತದಿಂದ.

ಹಸಿರಿಗೆ ಕಾರಣ ಆಲಿವಿನ್ ಎಂಬ ಖನಿಜ. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದದ್ದು. ಅದು ಅಪರೂಪದ ವಸ್ತುವೇನೂ ಅಲ್ಲ. ನಮ್ಮ ಕಾಲ ಕೆಳಗಿನ ಭೂತೊಗಟೆಯನ್ನು ದಾಟಿ ಆಳಕ್ಕಿಳಿದರೆ ಮ್ಯಾಂಟಲ್ ಎಂಬ ದಪ್ಪ ಪದರ ಸಿಗುತ್ತದೆ. ಅದರ ಮೇಲ್ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಆಲಿವಿನ್ನೇ. ಅಪರೂಪವಾದದ್ದು ಅದು ಭೂಮಿಯ ಮೇಲ್ಮೈಗೆ ಬಂದು, ಅಲ್ಲಿ ಕಣ್ಣಿಗೆ ಕಾಣುವಷ್ಟು ಕಾಲ ಉಳಿಯುವುದು. ಹವಾಯಿಯ ಶಿಲಾರಸ ಆಳದಲ್ಲಿ ತಣಿಯತೊಡಗಿದಾಗ ಮೊಟ್ಟಮೊದಲು ಹರಳುಗಟ್ಟುವುದು ಇದು. ಸುತ್ತಲಿನ ದ್ರವಕ್ಕಿಂತ ಭಾರವಾದ್ದರಿಂದ ಹರಳುಗಳು ತಳಕ್ಕಿಳಿದು ಅಲ್ಲಿ ದಟ್ಟವಾಗುತ್ತವೆ. ಪರ್ವತದ ನೆತ್ತಿಯಿಂದ ಉಕ್ಕುವ ಲಾವಾದಲ್ಲಿ ಅವು ಕಡಿಮೆ ಇರಬಹುದು. ಬಿರುಕು ಕೆಳಮಟ್ಟದಲ್ಲಿ ಬಾಯಿ ತೆರೆದರೆ ತಳದಲ್ಲಿ ಕೂತದ್ದೂ ಹೊರಬರುತ್ತದೆ. 1868ರಲ್ಲಿ ಕಾ ಲಾಯ್ ಇರುವ ಕಾವೂ ಪ್ರಾಂತ್ಯದಲ್ಲಿ ಭಾರೀ ಭೂಕಂಪವಾಗಿ, ಅದರ ಬೆನ್ನಿಗೇ ಮೌನಾ ಲೋವಾದ ನೈಋತ್ಯದ ತಪ್ಪಲಿನಿಂದ ಲಾವಾ ಹರಿಯಿತು. ಆ ಲಾವಾಶಿಲೆಯನ್ನು ಒಡೆದು ನೋಡಿದರೆ ಇಂದಿಗೂ ಹಸಿರು ಹರಳುಗಳು ಕಿಕ್ಕಿರಿದು ಕಾಣುತ್ತವೆ. ಪುವು ಮಹಾನಾ ಕೂಡ ಅಂಥದ್ದೇ ಹರಳುಭರಿತ ಸಿಡಿತದ ಕೂಸು.

ಹಸಿರು ಬಣ್ಣ ಮಾತ್ರ ಕಬ್ಬಿಣದ ಕೊಡುಗೆ. ಕಬ್ಬಿಣವೇ ಇಲ್ಲದ ಶುದ್ಧ ಮೆಗ್ನೀಸಿಯಂ ಆಲಿವಿನ್‌ಗೆ ಬಣ್ಣವಿಲ್ಲ. ಹವಾಯಿಯ ಮರಳಿನ ಬಣ್ಣಗಳನ್ನು ನೋಡುತ್ತಾ ಹೋದರೆ ಬಹುಪಾಲು ಕಬ್ಬಿಣದ ಕೈವಾಡವೇ ಎಂದು ನನಗನ್ನಿಸುತ್ತದೆ. ಲಾವಾ ಸಮುದ್ರಕ್ಕೆ ಬಿದ್ದು ಒಮ್ಮೆಲೇ ತಣಿದು ಗಾಜಿನ ಚೂರುಗಳಾದರೆ ಕಪ್ಪು ಮರಳು. ಅದೇ ಕಬ್ಬಿಣ ಜ್ವಾಲಾಮುಖಿ ದಿಬ್ಬದ ಬಿಸಿಯಲ್ಲಿ ತುಕ್ಕು ಹಿಡಿದರೆ ಕೆಂಪು. ಮಾವೀ ದ್ವೀಪದ ಕೈಹಾಲುಲು ತೀರ ಹಾಗೆ ಕೆಂಪಾದದ್ದು. ಹರಳಿನೊಳಗೆ ತುಕ್ಕಿಲ್ಲದೆ ಸೆರೆಯಾದರೆ ಹಸಿರು. ಬಿಳಿ ಮರಳಿಗೆ ಮಾತ್ರ ಜ್ವಾಲಾಮುಖಿಯ ಹಂಗಿಲ್ಲ. ಅದು ಹವಳ ಮತ್ತು ಚಿಪ್ಪಿನ ಪುಡಿ, ಮತ್ತು ಅದರ ದೊಡ್ಡ ಪಾಲು ಗಿಳಿಮೀನುಗಳ ಹೊಟ್ಟೆಯಿಂದ ಬಂದದ್ದು. ಆ ಮೀನು ಪಾಚಿಗಾಗಿ ಹವಳದ ಬಂಡೆಯನ್ನು ಕಚ್ಚಿ, ಅರೆದು, ಬೇಡವಾದದ್ದನ್ನು ಮರಳಾಗಿ ವಿಸರ್ಜಿಸುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ. ವೈಕಿಕಿಯಲ್ಲೋ ಮಾಲ್ಡೀವ್ಸ್‌ನಲ್ಲೋ ಬೆಳ್ಳನೆಯ ಮರಳ ಮೇಲೆ ಮೈಚಾಚಿ ಮಲಗುವವರಿಗೆ ಇದನ್ನು ಹೇಳದಿರುವುದೇ ಒಳ್ಳೆಯದೇನೋ.

ದಿಬ್ಬದಲ್ಲಿ ಇರುವುದು ಬರೀ ಆಲಿವಿನ್ ಅಲ್ಲವಲ್ಲ, ಬೂದಿಯೂ ಗಾಜಿನ ಚೂರೂ ಅದಕ್ಕಿಂತ ಹೆಚ್ಚಿವೆ. ಹಾಗಿದ್ದರೆ ತೀರದಲ್ಲಿ ಹಸಿರೇ ಏಕೆ ಮೇಲುಗೈ? ಉತ್ತರ ತೂಕದಲ್ಲಿದೆ. ಆಲಿವಿನ್ ತನ್ನಷ್ಟೇ ಗಾತ್ರದ ನೀರಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ಸಾಕಷ್ಟು ಗಟ್ಟಿ ಕೂಡ. ಬೂದಿ ಮತ್ತು ಗಾಜು ಅದಕ್ಕಿಂತ ಹಗುರ, ಬೇಗ ಪುಡಿಯಾಗುತ್ತವೆ. ಅಲೆ ಮೇಲೇರುವಾಗ ಎಲ್ಲವನ್ನೂ ತಳ್ಳಿಕೊಂಡು ಬರುತ್ತದೆ. ಹಿಂದೆ ಸರಿಯುವಾಗ ಹಗುರವಾದದ್ದನ್ನು ಎಳೆದೊಯ್ದು ಭಾರವಾದದ್ದನ್ನು ಬಿಟ್ಟುಹೋಗುತ್ತದೆ. ಕೊಲ್ಲಿಯ ಬಾಯಿ ಕಿರಿದಾಗಿರುವುದರಿಂದ ಹೀಗೆ ಉಳಿದದ್ದು ದೂರ ಹೋಗದೆ ಅಲ್ಲಿಯೇ ಸುತ್ತುತ್ತದೆ. ಇದೇ ಕೆಲಸವನ್ನು ನಮ್ಮ ಕಡಲೂ ಮಾಡುತ್ತದೆ. ಕೇರಳದ ಚವರಾ, ಕನ್ಯಾಕುಮಾರಿ ಬಳಿಯ ಮಣವಾಳಕುರಿಚಿಗಳಲ್ಲಿ ಕಪ್ಪು ಇಲ್ಮನೈಟ್, ಮೋನಜೈಟ್ ಮರಳು ರಾಶಿಬಿದ್ದಿರುವುದು ಇಂಥದ್ದೇ ಆಯ್ಕೆಯಿಂದ. ಅಲ್ಲಿ ಟೈಟಾನಿಯಂ ಮತ್ತು ಥೋರಿಯಂ ಸಿಗುವ ಕಾರಣ ಗಣಿಗಾರಿಕೆ ಬಂತು. ಇಲ್ಲಿ ಬಣ್ಣವಷ್ಟೇ ಸಿಕ್ಕಿತು, ಪ್ರವಾಸಿಗಳು ಬಂದರು.

ಆಲಿವಿನ್ ದೊಡ್ಡದಾಗಿ, ಶುಭ್ರವಾಗಿ ಸಿಕ್ಕರೆ ಪೆರಿಡಾಟ್ ಎಂಬ ರತ್ನ. ಹವಾಯಿಯ ಅಂಗಡಿಗಳಲ್ಲಿ ಇದರ ಆಭರಣಗಳನ್ನು ದ್ವೀಪದ ನೆನಪಿನ ಕಾಣಿಕೆಯಾಗಿ ಮಾರುತ್ತಾರೆ. ಸ್ಥಳೀಯ ಹರಳುಗಳು ಕತ್ತರಿಸಿ ಒಡವೆಗೆ ಕೂರಿಸಲಾರದಷ್ಟು ಸಣ್ಣವು. ಅಂಗಡಿಯ ಕಲ್ಲು ಹೆಚ್ಚಾಗಿ ಅರಿಜೋನಾದಂಥ ಹೊರಗಿನ ಜಾಗಗಳಿಂದ ಬಂದಿರುತ್ತದೆ. ಹವಾಯಿ ಮತ್ತು ರತ್ನದ ನಂಟಿನಲ್ಲಿ ಇಂಥ ಮೋಸ ಹೊಸದೂ ಅಲ್ಲ. ಹೊನೊಲುಲುವಿನ ಡೈಮಂಡ್ ಹೆಡ್ ಬೆಟ್ಟಕ್ಕೆ ಆ ಹೆಸರು ಬಂದದ್ದು ಹಿಂದಿನ ಬ್ರಿಟಿಷ್ ನಾವಿಕರು ಅಲ್ಲಿನ ಕ್ಯಾಲ್ಸೈಟ್ ಹರಳುಗಳನ್ನು ವಜ್ರವೆಂದು ನಂಬಿದ್ದರಿಂದ.

ಪ್ರವಾಸಿ ಪುಸ್ತಕಗಳು ಜಗತ್ತಿನಲ್ಲಿ ಹಸಿರು ಮರಳಿನ ತೀರಗಳು ನಾಲ್ಕೇ ನಾಲ್ಕು ಎಂದು ಪಟ್ಟಿ ಕೊಡುತ್ತವೆ: ಇದು, ಗುವಾಮ್‌ನ ತಲೋಫೋಫೋ, ಗಲಾಪಗೋಸ್‌ನ ಫ್ಲೋರಿಯಾನಾ ದ್ವೀಪದ ಪುಂತಾ ಕಾರ್ಮರಂಟ್, ನಾರ್ವೆಯ ಹಾರ್ನಿಂಡಾಲ್ಸ್‌ವಾಟ್ನೆಟ್ ಸರೋವರದ ದಂಡೆ. ಎಷ್ಟು ಹಸಿರಾದರೆ ಹಸಿರು ಎಂದು ಯಾರೂ ಗೆರೆ ಎಳೆದಿಲ್ಲವಾದ್ದರಿಂದ ಈ ಎಣಿಕೆಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಆದರೆ ಇಂಥ ತೀರಗಳು ಕಡಿಮೆ ಎಂಬುದು ನಿಜ, ಅದಕ್ಕೆ ಕಾರಣವೂ ಇದೆ. ಆಳದ ಉರಿಯಲ್ಲಿ ಮೊದಲು ಹುಟ್ಟುವ ಖನಿಜಗಳೇ ಮೇಲ್ಮೈಯ ನೀರು ಗಾಳಿಗೆ ಮೊದಲು ಸೋಲುತ್ತವೆ. ಸ್ಫಟಿಕಶಿಲೆಯ ಕಣ, ಅಂದರೆ ನಮ್ಮ ಹೊಳೆಗಳ ಸಾಮಾನ್ಯ ಮರಳು, ಕೋಟ್ಯಂತರ ವರ್ಷ ಬಾಳುತ್ತದೆ. ಆಲಿವಿನ್‌ಗೆ ಆ ಆಯುಸ್ಸಿಲ್ಲ. ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು ಕಂದಾಗುತ್ತದೆ, ಮೆಗ್ನೀಸಿಯಂ ಕರಗಿ ಹೋಗುತ್ತದೆ. ಮಂಗಳ ಗ್ರಹದಲ್ಲಿ ಆಲಿವಿನ್ ಧಾರಾಳವಾಗಿ ಉಳಿದಿರುವುದನ್ನು ಕಂಡ ವಿಜ್ಞಾನಿಗಳು, ಆ ಜಾಗಗಳಲ್ಲಿ ನೀರು ಬಹುಕಾಲ ನಿಂತಿರಲಾರದು ಎಂದು ಊಹಿಸುವುದು ಇದೇ ಆಧಾರದ ಮೇಲೆ. ಪಾಪಕೋಲೆಯಾದಲ್ಲಿ ಹಸಿರು ಉಳಿದಿರುವುದು ದಿಬ್ಬ ಹೊಸ ಹರಳುಗಳನ್ನು ಕೊಡುತ್ತಲೇ ಇರುವುದರಿಂದ. ದಿಬ್ಬ ಸವೆದು ಮುಗಿದ ದಿನ ಪೂರೈಕೆಯೂ ಮುಗಿಯುತ್ತದೆ.

ಅಷ್ಟು ದೂರದ ಭವಿಷ್ಯಕ್ಕೆ ಹೋಗಬೇಕೆಂದೂ ಇಲ್ಲ. ಇದೇ ದ್ವೀಪದ ಕೈಮೂ ಎಂಬಲ್ಲಿ ತೆಂಗಿನ ಮರಗಳ ಸಾಲಿನ ಕೆಳಗೆ ಪ್ರಸಿದ್ಧವಾದ ಕಪ್ಪು ಮರಳಿನ ತೀರವಿತ್ತು. 1990ರಲ್ಲಿ ಕಿಲಾವೇಯಾ ಜ್ವಾಲಾಮುಖಿಯ ಲಾವಾ ಅದನ್ನೂ, ಪಕ್ಕದ ಕಲಪಾನಾ ಊರಿನ ಬಹುಭಾಗವನ್ನೂ ಮುಚ್ಚಿಹಾಕಿತು. 2018ರಲ್ಲಿ ಅದೇ ಜ್ವಾಲಾಮುಖಿ ನೂರಾರು ಮನೆಗಳನ್ನು ನುಂಗಿದಾಗ, ಪೊಹೊಯಿಕಿ ಎಂಬಲ್ಲಿ ಕೆಲವೇ ತಿಂಗಳಲ್ಲಿ ಹೊಸದೊಂದು ಕಪ್ಪು ತೀರ ಎದ್ದುಬಂತು. ಹಿಂದೆ ದೋಣಿ ಇಳಿಸುತ್ತಿದ್ದ ಜಾಗವನ್ನು ಮರಳು ಕಟ್ಟಿಹಾಕಿತು. ಪ್ರವಾಸಿಗೆ ಅದು ಹೊಸ ಬೀಚು, ಮೀನುಗಾರನಿಗೆ ಮುಚ್ಚಿಹೋದ ಬಂದರು.

ಆಲಿವಿನ್ ಕರಗುವ ಈ ಗುಣದ ಮೇಲೆ ಈಚೆಗೆ ಹವಾಮಾನ ವಿಜ್ಞಾನಿಗಳ ಕಣ್ಣು ಬಿದ್ದಿದೆ. ಕರಗುವಾಗ ಅದು ಇಂಗಾಲದ ಡೈಆಕ್ಸೈಡನ್ನು ಕಟ್ಟಿಹಾಕುತ್ತದೆ. ಕಾಗದದ ಮೇಲಿನ ಲೆಕ್ಕದಲ್ಲಿ ಒಂದು ಟನ್ ಆಲಿವಿನ್ ಒಂದೂಕಾಲು ಟನ್ ಇಂಗಾಲದ ಡೈಆಕ್ಸೈಡನ್ನು ಹಿಡಿಯಬಲ್ಲದು. ನಿಜವಾದ ಸಮುದ್ರದಲ್ಲಿ ಅದಕ್ಕಿಂತ ಕಡಿಮೆ. ಗಣಿಯಿಂದ ತೆಗೆದ ಆಲಿವಿನ್ ಪುಡಿಯನ್ನು ಕಡಲತೀರಗಳಲ್ಲಿ ಹರಡಿ ಅಲೆಗಳಿಗೆ ಅರೆಯಲು ಬಿಟ್ಟರೆ ಹೇಗೆ ಎಂಬ ಯೋಚನೆಯನ್ನು 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್‌ನ ತೀರವೊಂದರಲ್ಲಿ ಪರೀಕ್ಷೆಗೆ ಒಡ್ಡಲಾಯಿತು. ಕಲ್ಲು ಅಗೆದು, ಪುಡಿಮಾಡಿ, ಸಾಗಿಸಲು ತಗಲುವ ಇಂಧನವೆಷ್ಟು, ಆಲಿವಿನ್‌ನಲ್ಲಿರುವ ನಿಕ್ಕಲ್ ಮೀನು ಚಿಪ್ಪುಗಳಿಗೆ ಏನು ಮಾಡೀತು ಎಂಬ ಪ್ರಶ್ನೆಗಳು ಅದರ ಬೆನ್ನಿಗಿವೆ. ಇದೆಲ್ಲ ಕನ್ನಡಿಗರಿಗೆ ತೀರಾ ದೂರದ ಮಾತೂ ಅಲ್ಲ. ಆಲಿವಿನ್ ತುಂಬಿದ ಡ್ಯುನೈಟ್ ಎಂಬ ಶಿಲೆ ಮೈಸೂರು ಸೀಮೆಯಲ್ಲಿದೆ, ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು. ಮೈಸೂರು ಬಳಿಯ ದೊಡ್ಡಕಾನ್ಯದಲ್ಲಿ ಅಗೆದ ಬಿಳಿ ಮ್ಯಾಗ್ನಸೈಟ್, ಅಂಥ ಶಿಲೆಯ ಬಿರುಕುಗಳಲ್ಲಿ ಇಂಗಾಲ ಬೆರೆತ ನೀರು ಹರಿದು ಆದದ್ದು. ಸೇಲಂ ಹತ್ತಿರ ರೈಲಿನಿಂದ ಕಾಣುವ ಬಿಳಿ ಗುಡ್ಡಗಳದ್ದೂ ಇದೇ ಕಥೆ. ವಿಜ್ಞಾನಿಗಳು ಈಗ ಅವಸರದಲ್ಲಿ ಮಾಡಹೊರಟದ್ದನ್ನು ನಮ್ಮ ನೆಲ ನಿಧಾನವಾಗಿ ಮಾಡಿ ಮುಗಿಸಿದೆ.

ಇನ್ನು ಆ ಹಸಿರು ತೀರಕ್ಕೆ ಹೋಗುವ ದಾರಿ. ಪಾಪಕೋಲೆಯಾದ ನಿಜವಾದ ತಂಟೆ ಶುರುವಾಗುವುದು ಇಲ್ಲಿಂದ.

11ನೇ ಹೆದ್ದಾರಿಯಿಂದ ದಕ್ಷಿಣಕ್ಕೆ ತಿರುಗಿ ಸುಮಾರು 19 ಕಿಲೋಮೀಟರ್ ಕಿರಿದಾದ ರಸ್ತೆಯಲ್ಲಿ ಹೋದರೆ ಕಾರು ನಿಲ್ಲಿಸುವ ಬಯಲು ಬರುತ್ತದೆ. ಅಲ್ಲಿ ಹಳೆಯ ಪಿಕಪ್ ಟ್ರಕ್‌ಗಳು ಕಾದಿರುತ್ತವೆ. ನಗದು ಕೊಟ್ಟರೆ ಹಿಂಬದಿಯಲ್ಲಿ ನಿಲ್ಲಿಸಿಕೊಂಡು ಕೊಲ್ಲಿಯವರೆಗೆ ಕರೆದೊಯ್ಯುತ್ತಾರೆ. ಬಾಡಿಗೆ ಕಾರಿನವರು ಆ ದಾರಿಗಿಳಿಯಬಾರದು. ಇಳಿದರೆ ಕಾರು ಮರಳಿ ಬರುವುದೂ ಅನುಮಾನ. ಚಕ್ರಗಳು ಉತ್ತ ಕೆಂಪುಮಣ್ಣಿನ ಕೊರಕಲುಗಳು ಕೆಲವೆಡೆ ಆಳೆತ್ತರವಿವೆ. ಒಂದು ಕೊರಕಲು ತೀರಾ ಆಳವಾದಾಗ ಚಾಲಕರು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡಿಕೊಳ್ಳುತ್ತಾರೆ, ಅದೂ ಕೊರಕಲಾಗುತ್ತದೆ. ಹೀಗೆ ದಾರಿ ಅಗಲವಾಗುತ್ತಾ ಬಯಲನ್ನೇ ತಿಂದಿದೆ. ಮಳೆ ಬಂದಾಗ ಆ ಮಣ್ಣು ಸಮುದ್ರಕ್ಕಿಳಿಯುತ್ತದೆ. ವಾಹನ ನಿಷೇಧದ ಫಲಕಗಳಿವೆ, ಟ್ರಕ್‌ಗಳೂ ಓಡುತ್ತಿವೆ.

ಈ ನೆಲ ಸಾಮಾನ್ಯ ಸರ್ಕಾರಿ ಜಮೀನಲ್ಲ. ಹವಾಯಿ ಒಂದು ಕಾಲಕ್ಕೆ ಸ್ವತಂತ್ರ ರಾಜ್ಯ. 1893ರಲ್ಲಿ ಅಮೆರಿಕನ್ ವ್ಯಾಪಾರಿಗಳ ಕೂಟ ರಾಣಿ ಲಿಲಿಯೋಕಲಾನಿಯನ್ನು ಪದಚ್ಯುತಗೊಳಿಸಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನಗೆ ಸೇರಿಸಿಕೊಂಡಿತು. ನೆಲ ಕಳೆದುಕೊಂಡ ಮೂಲನಿವಾಸಿಗಳಿಗಾಗಿ ರಾಜಮನೆತನದ ಕೂಹಿಯೋ ಕಲಾನಿಯಾನಓಲೆ ವಾಷಿಂಗ್ಟನ್‌ನಲ್ಲಿ ಹೋರಾಡಿ 1921ರಲ್ಲಿ ಒಂದು ಕಾಯ್ದೆ ತಂದ. ಅದರಂತೆ ಸುಮಾರು 2 ಲಕ್ಷ ಎಕರೆ ಮೀಸಲಾಯಿತು. ಕನಿಷ್ಠ ಅರ್ಧದಷ್ಟು ಹವಾಯಿ ರಕ್ತವಿರುವವರಿಗೆ ವರ್ಷಕ್ಕೆ ಒಂದು ಡಾಲರ್ ಗುತ್ತಿಗೆಯಲ್ಲಿ 99 ವರ್ಷ ಜಮೀನು ಕೊಡಬೇಕೆಂಬುದು ಕಾನೂನು. ನೂರು ವರ್ಷ ಕಳೆದ ಮೇಲೆ, 2022ರಲ್ಲಿ, ಕಾಯುವವರ ಪಟ್ಟಿಯಲ್ಲಿ ಸುಮಾರು 28 ಸಾವಿರ ಮಂದಿಯಿದ್ದರು. ಪಟ್ಟಿಯಲ್ಲಿ ಹೆಸರಿರುವಂತೆಯೇ ತೀರಿಕೊಂಡವರು ಎಷ್ಟೋ. ಆ ವರ್ಷ ರಾಜ್ಯದ ಶಾಸನಸಭೆ ಇದಕ್ಕೆಂದು 60 ಕೋಟಿ ಡಾಲರ್ ಮಂಜೂರು ಮಾಡಿತು. ಕಾ ಲಾಯ್ ಸುತ್ತಲಿನ ಬಯಲು ಇಂಥ ಮೀಸಲು ನೆಲ.

ಅದಕ್ಕೂ ಹಿಂದಿನ ಗುರುತುಗಳೂ ಇಲ್ಲಿವೆ. ಪಾಲಿನೇಷ್ಯದ ನಾವಿಕರು ದೋಣಿಗಳಲ್ಲಿ ಬಂದು ಈ ದ್ವೀಪಗಳಲ್ಲಿ ನೆಲೆಸಿ ಸರಿಸುಮಾರು ಸಾವಿರ ವರ್ಷ. ಕಾ ಲಾಯ್‌ನ ಬಂಡೆಯಂಚಿನಲ್ಲಿ ಅವರು ಕೊರೆದ ತೂತುಗಳು ಈಗಲೂ ಕಾಣುತ್ತವೆ. ಸಮುದ್ರದ ಸೆಳೆತ ಇಲ್ಲಿ ಭಯಂಕರ. ದೋಣಿಯನ್ನು ಆ ತೂತುಗಳಿಗೆ ಹಗ್ಗದಿಂದ ಕಟ್ಟಿ, ದಡ ಬಿಡದೆಯೇ ಮೀನು ಹಿಡಿಯುವ ಉಪಾಯ ಅದು. 1950ರ ದಶಕದಲ್ಲಿ ಹೊನೊಲುಲುವಿನ ಬಿಷಪ್ ಮ್ಯೂಸಿಯಂನವರು ಇಲ್ಲಿನ ಮರಳು ದಿಬ್ಬವನ್ನು ಅಗೆದು ರಾಶಿ ರಾಶಿ ಮೂಳೆಯ ಗಾಳಗಳನ್ನು ತೆಗೆದರು. ಗಾಳಗಳ ಆಕಾರ ಬದಲಾದ ಬಗೆಯಿಂದಲೇ ಕಾಲಾನುಕ್ರಮ ಕಟ್ಟಬಹುದೆಂದು ಕೆನೆತ್ ಎಮೊರಿ, ಯೋಸಿಹಿಕೋ ಸಿನೊಟೊ ತೋರಿಸಿದ್ದು ಈ ಅಗೆತದ ಫಲ. 1962ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಚಾರಿತ್ರಿಕ ತಾಣವೆಂದು ಘೋಷಿಸಲಾಯಿತು. ಟ್ರಕ್ಕಿನ ಚಕ್ರ ಉಳುವುದು ಇಂಥ ನೆಲವನ್ನು.

ಹಾಗಾದರೆ ಟ್ರಕ್‌ನವರನ್ನು ಬೈದು ಕೈತೊಳೆದುಕೊಳ್ಳೋಣವೇ? ಅಷ್ಟು ಸುಲಭವಿಲ್ಲ. ಕಾವೂ ಪ್ರಾಂತ್ಯ ಒಂದು ಕಾಲಕ್ಕೆ ಕಬ್ಬಿನ ಸೀಮೆ. 1996ರಲ್ಲಿ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿ ಕೆಲಸಗಳು ಕಡಿಮೆ. ಸುತ್ತಮುತ್ತಲ ಜನರಿಗೆ ಮನೆಬಾಗಿಲಲ್ಲೇ ಸಿಗುವ ಸಂಪಾದನೆ ಈ ಸವಾರಿ. ಯಾರೋ ದೂರದವರು ಬಂದು, ತಮ್ಮದೇ ಜನರ ಹೆಸರಿನಲ್ಲಿರುವ ನೆಲದಲ್ಲಿ ಓಡಾಡಬೇಡಿ ಎಂದರೆ ಅವರಿಗೆ ಹೇಗನ್ನಿಸೀತು? ಆದರೆ ಕೊರೆತ ನಿಜ. ಅದರ ಹಿಂದಿರುವ ಬೇಡಿಕೆ ನಮ್ಮಂಥ ಪ್ರವಾಸಿಗಳದ್ದು, ಚಾಲಕರದ್ದಲ್ಲ. ಟ್ರಕ್ ನಿಲ್ಲಿಸುವ ಮಾತನ್ನು ಚಾಲಕರಿಗೆ ಹೇಳುವ ಮೊದಲು ಹತ್ತುವವರಿಗೆ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ನಡೆಯಬಲ್ಲ ಕಾಲಿರುವವರು ನಡೆಯಲಿ.

ನಡಿಗೆ ಕಷ್ಟದ್ದಲ್ಲ, ಬಿಸಿಲು ಗಾಳಿಯದ್ದೇ ಕಷ್ಟ. ಹೋಗಿಬರಲು ಒಟ್ಟು 8 ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ಮರದ ನೆರಳಿಲ್ಲ, ಕುಡಿಯುವ ನೀರಿಲ್ಲ, ಶೌಚಾಲಯವಿಲ್ಲ, ತೀರದಲ್ಲಿ ಜೀವರಕ್ಷಕರಿಲ್ಲ. ಬೆಳಿಗ್ಗೆ ಬೇಗ ಹೊರಟರೆ ಧೂಳೂ ಜನವೂ ಕಡಿಮೆ. ಟೋಪಿಗೆ ದಾರ ಕಟ್ಟಿಕೊಳ್ಳಿ, ಗಾಳಿ ಅದನ್ನು ಒಯ್ಯದೆ ಬಿಡುವುದಿಲ್ಲ. ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ಹೋದವರಿಗೆ ಹುಲ್ಲಿನಲ್ಲಿ ಚುರುಕಾಗಿ ಓಡಿ ಥಟ್ಟನೆ ನಿಲ್ಲುವ ಸಣ್ಣ ಹಕ್ಕಿ ಕಂಡರೆ ಅದು ಕೋಲೆಯಾ, ಬಂಗಾರ ಬಣ್ಣದ ಪ್ಲೋವರ್. ತೀರದ ಹೆಸರಿನಲ್ಲಿರುವುದೂ ಅದೇ. ಅಲಾಸ್ಕಾದಿಂದ ಸುಮಾರು 4,800 ಕಿಲೋಮೀಟರ್ ಎಲ್ಲೂ ಇಳಿಯದೆ ಹಾರಿಬರುತ್ತದೆ. ಇದೇ ಜಾತಿಯ ಹಕ್ಕಿಗಳು ಚಳಿಗಾಲಕ್ಕೆ ನಮ್ಮ ಕರಾವಳಿಗೂ ಬರುತ್ತವೆ. ಕೊಲ್ಲಿಗಿಳಿಯುವ ಕೊನೆಯ ಇಳಿಜಾರು ಕಡಿದು. ನೀರಿಗಿಳಿಯುವ ಆಸೆಯಿದ್ದರೆ ಅಲೆಯ ರಭಸವನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಈಜು ಬಾರದವರು ದಡದಲ್ಲೇ ಇರುವುದು ಕ್ಷೇಮ.

ಮರಳನ್ನು ತರಬೇಡಿ. ಕಲ್ಲು ಮರಳು ಒಯ್ದವರಿಗೆ ಜ್ವಾಲಾಮುಖಿಯ ದೇವತೆ ಪೆಲೆಯ ಶಾಪ ತಟ್ಟುತ್ತದೆಂಬ ಮಾತು ಪ್ರವಾಸಿಗಳ ನಡುವೆ ಪ್ರಚಾರದಲ್ಲಿದೆ. ಮನೆಗೆ ಹೋದ ಮೇಲೆ ಹೆದರಿ ಕಲ್ಲುಗಳನ್ನು ಅಂಚೆಯಲ್ಲಿ ಹಿಂತಿರುಗಿಸುವವರೂ ಇದ್ದಾರೆ. ಆ ಶಾಪದ ಕಥೆ ಹಳೆಯ ಹವಾಯಿ ನಂಬಿಕೆಯಲ್ಲ, 20ನೇ ಶತಮಾನದಲ್ಲಿ ಹುಟ್ಟಿದ್ದು. ಕಾನೂನು ಮಾತ್ರ ನಿಜವಾದದ್ದು: ಹವಾಯಿಯಲ್ಲಿ ಕಡಲತೀರದ ಮರಳು ಒಯ್ಯುವುದು ಅಪರಾಧ. ಬೂಟಿನೊಳಗೆ ಸೇರಿದ್ದನ್ನೂ ಅಲ್ಲೇ ಕೊಡವಿ ಬನ್ನಿ.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಬಂದ ನಮ್ಮೂರಿನ ಅಪ್ಪ ಅಮ್ಮಂದಿರನ್ನು ಮಕ್ಕಳು ಹವಾಯಿಗೆ ಕರೆದೊಯ್ಯುವುದು ಈಗ ಸಾಮಾನ್ಯ. ಅವರ ಮೊಣಕಾಲು ಈ ನಡಿಗೆಗೆ ಒಪ್ಪದಿದ್ದರೆ ಪಾಪಕೋಲೆಯಾದ ಹಟ ಬೇಡ. ಅದೇ ಕಾವೂ ಕರಾವಳಿಯಲ್ಲಿ, ಕಾರಿನಲ್ಲಿ ಒಂದು ಗಂಟೆಯೊಳಗಿನ ದೂರದಲ್ಲಿ ಪುನಲೂವು ಇದೆ. ಅಲ್ಲಿ ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಇಟ್ಟರೆ ಅಚ್ಚಕಪ್ಪು ಮರಳು, ತೆಂಗಿನ ನೆರಳು. ಬಿಸಿಲು ಕಾಯಿಸಲು ದಡಕ್ಕೆ ಬರುವ ಹಸಿರು ಕಡಲಾಮೆಗಳೂ ಕಾಣಸಿಗುತ್ತವೆ. ಫೋಟೊ ತೆಗೆಯುವವರು ಆಮೆಯಿಂದ ಕನಿಷ್ಠ 3 ಮೀಟರ್ ದೂರ ನಿಲ್ಲಬೇಕು.